ಸನದ್ ಗೋದಾಮಿನಲ್ಲಿ ಹುಲಿ ಕುಣಿದದ್ದು

ಪಂಚಾಂಗ ನೋಡಿ ಹಬ್ಬ ಮಾಡುವುದು ಊರಿನಲ್ಲಿರುವವರ ಸುಖ. ಬಹರೈನಿನಲ್ಲಿ ಹಬ್ಬ ಬರುವುದು ಹಾಲ್ ಸಿಕ್ಕ ದಿನ. ನಾವು ಗಣಪತಿಯನ್ನು ನವೆಂಬರಿನಲ್ಲಿ ಕೂರಿಸಿದ್ದೇವೆ. ದೀಪಾವಳಿಯನ್ನು ಜನವರಿಯ ಮೂರನೆಯ ಶುಕ್ರವಾರ ಆಚರಿಸಿದ್ದೇವೆ. ಒಮ್ಮೆ ಬಿಸು ಕಣಿಯನ್ನು ಜೂನಿನಲ್ಲಿಟ್ಟು, ಒಬ್ಬರಿಗೊಬ್ಬರು ಹೊಸ ವರ್ಷದ ಶುಭಾಶಯ ಹೇಳಿ, ಮುಖ ಮುಖ ನೋಡಿಕೊಂಡಿದ್ದೇವೆ. ದೇವರುಗಳು ಇದಕ್ಕೆ ಒಗ್ಗಿಕೊಂಡಿದ್ದಾರೆ. ನಮ್ಮ ಕಡೆಯವರು ಯಾವಾಗ ಕರೆಯುತ್ತಾರೋ ಆವಾಗ ಬಂದು ಹೋಗುತ್ತಾರೆ.

ಆದರೆ ಆ ವರ್ಷ ಕೃಷ್ಣಾಷ್ಟಮಿಗೆ ಯಾವ ದಿನವೂ ಯಾವ ಹಾಲೂ ಸಿಗಲಿಲ್ಲ. ಬೇರೆ ಕಾರ್ಯಕ್ರಮವಾದರೆ ಯಾರದೋ ಮನೆಯ ತಾರಸಿಯಲ್ಲಿ ಮುಗಿಸಬಹುದಿತ್ತು. ಅಷ್ಟಮಿಯೆಂದರೆ ಹುಲಿವೇಷ. ಆಗಸ್ಟಿನ ನಲವತ್ತಮೂರು ಡಿಗ್ರಿಯಲ್ಲಿ, ಮೈಗೆಲ್ಲ ಪೇಂಟು ಬಳಿದುಕೊಂಡ ಹುಲಿ ಬಯಲಿನಲ್ಲಿ ಕುಣಿದರೆ ಹತ್ತು ನಿಮಿಷದಲ್ಲಿ ಹಪ್ಪಳ. ಹುಲಿಗೆ ಏಸಿ ಬೇಕು.

ಈ ಏಸಿಯ ಮೇಲೆ ನಮ್ಮ ಮನೆಯ ಮರ್ಯಾದೆಯೆಲ್ಲ ನಿಂತಿತ್ತು. ಅಪ್ಪನಿಗೆ ಹತ್ತೊಂಬತ್ತು ವರ್ಷವಾಗಿದ್ದಾಗ ವಿಷಮಶೀತ ಜ್ವರ ಬಂದು ಇಪ್ಪತ್ತೊಂದು ದಿನ ಮಲಗಿದ್ದರಂತೆ. ಆಗ ಅಜ್ಜಿ, "ಮಗ ಎದ್ದು ಕೂತರೆ ಮೂರು ಅಷ್ಟಮಿಗೆ ಹುಲಿ ಹಾಕಿಸ್ತೇನೆ" ಎಂದು ಹರಕೆ ಹೇಳಿಕೊಂಡರು. ಮಗ ಎದ್ದು ಕೂತ. ಎರಡು ಅಷ್ಟಮಿಗೆ ಉಡುಪಿಯ ರಥಬೀದಿಯಲ್ಲಿ ಕುಣಿದ. ಮೂರನೆಯದು ಬರುವ ಮೊದಲು ಬಹರೈನಿನ ವೀಸಾ ಬಂತು. ಅಂದಿನಿಂದ ಮೂವತ್ತೊಂದು ವರ್ಷ ಮೂರನೆಯ ಹುಲಿ ಬಾಕಿ. ಅಷ್ಟಮಿಗೆ ಅಪ್ಪನಿಗೆ ಒಮ್ಮೆಯೂ ರಜೆ ಸಿಗಲಿಲ್ಲ, ತಮ್ಮ ಕಣ್ಣೆದುರು ಕುಣಿಯದ ಹುಲಿಯನ್ನು ಅಜ್ಜಿ ಲೆಕ್ಕಕ್ಕೆ ಹಿಡಿಯಲಿಲ್ಲ. ಅಪ್ಪನಿಗೆ ಸೊಂಟ ನೋವು ಬಂದರೆ ಅಜ್ಜಿ ಹುಲಿಯನ್ನು ನೆನಪಿಸಿದರು. ಕಾರು ಕೆಟ್ಟರೆ ಹುಲಿ. ನಾನು ಪರೀಕ್ಷೆಯಲ್ಲಿ ಫೇಲಾದದ್ದೂ ಹುಲಿಯಿಂದಲೇ. (ಈ ಒಂದು ವಿಷಯದಲ್ಲಿ ನಾನು ಅಜ್ಜಿಯ ಮಾತನ್ನು ಎಂದೂ ವಿರೋಧಿಸಲಿಲ್ಲ.)

ಆ ವರ್ಷ ಎಂಬತ್ತರ ಅಜ್ಜಿ ತಾವೇ ಹೊರಟು ಬಂದರು. ವಿಸಿಟ್ ವೀಸಾ ಆಗಸ್ಟ್ ಇಪ್ಪತ್ತೆಂಟರವರೆಗೆ. "ಇನ್ನೊಮ್ಮೆ ನಾನು ವಿಮಾನ ಹತ್ಲಿಕ್ಕಿಲ್ಲ ಮಗಾ. ಈ ಸಲ ನೋಡಿಯೇ ಹೋಗುವುದು" ಎಂದರು. ಪೆಟ್ಟಿಗೆಯಲ್ಲಿ ಸೀರೆ ಎರಡೇ ಇದ್ದವು. ಉಳಿದ ಜಾಗದಲ್ಲೆಲ್ಲ ಅಪ್ಪನ ಹಳೆಯ ಹುಲಿಯ ತಲೆ. ವಿಮಾನ ನಿಲ್ದಾಣದ ಕಸ್ಟಮ್ಸಿನವನು ಪೆಟ್ಟಿಗೆ ತೆರೆದು, ಒಳಗಿನಿಂದ ತನ್ನನ್ನೇ ನೋಡುತ್ತಿದ್ದ ಹುಲಿಯನ್ನು ಕಂಡು, ಮೆಲ್ಲಗೆ ಮುಚ್ಚಳ ಹಾಕಿ, "ಖಲಾಸ್, ಯಲ್ಲಾ" ಎಂದು ಹೋಗಿ ಎಂಬಂತೆ ಕೈ ಬೀಸಿಬಿಟ್ಟನಂತೆ.

ಇನ್ನು ಅಪ್ಪ. ಹೆಸರು ಜಯರಾಜ. ಜರ್ಮನ್ ಪಂಪುಗಳನ್ನು ತರಿಸಿ ಮಾರುವ ಕಂಪನಿಯಲ್ಲಿ ಸ್ಟೋರ್ ಇನ್‌ಚಾರ್ಜ್. ಸಾಹೇಬರ ಪ್ರಶ್ನೆಗೆ ಮೊದಲು "ಎಸ್ ಸರ್" ಎನ್ನುವುದು, ಪ್ರಶ್ನೆ ಏನಿತ್ತೆಂದು ಆಮೇಲೆ ಯಾರನ್ನಾದರೂ ಕೇಳುವುದು ಅವರ ವೃತ್ತಿಜೀವನದ ಏಕೈಕ ಸೂತ್ರ. ಈ ಸೂತ್ರದ ಬಲದಿಂದ ಅವರು ಒಬ್ಬ ಈಜಿಪ್ಟಿನವನ, ಇಬ್ಬರು ಇಂಗ್ಲಿಷರ ಕೈಕೆಳಗೆ ಇಪ್ಪತ್ತೆರಡು ವರ್ಷ ಬಾಳಿದ್ದರು.

ನಮ್ಮ ಕರಾವಳಿ ಬಳಗದ ಸಭೆಯಲ್ಲಿ ಅಧ್ಯಕ್ಷ ರೂಪೇಶ್, "ಈ ವರ್ಷ ಹುಲಿ ಇಲ್ಲ, ಬದಲಿಗೆ ರಂಗೋಲಿ ಸ್ಪರ್ಧೆ ಮಾಡುವ" ಎಂದಾಗ, ಅಜ್ಜಿ ಹಿಂದಿನ ಸಾಲಿನಿಂದ ಅಪ್ಪನನ್ನು ನೋಡಿದರು. ಅಪ್ಪ ಎದ್ದು ನಿಂತುಬಿಟ್ಟರು.

"ಸನದ್ ಊರಿನಲ್ಲಿ ನಮ್ಮ ಕಂಪನಿಯ ಗೋದಾಮು ಉಂಟಲ್ಲ! ರಬ್ಬರ್ ಸೀಲುಗಳಿಗೆ ಅಂತ ಹಗಲೂ ರಾತ್ರಿ ಏಸಿ. ಇನ್ನೂರು ಜನ ಕೂತ್ಕೊಳ್ಬಹುದು. ಹೊಸ ಸಾಹೇಬ್ರು ನನ್ನ ಮಾತು ತೆಗೆದು ಹಾಕ್ಲಿಕ್ಕೇ ಇಲ್ಲ."

ಹೊಸ ಸಾಹೇಬರು ಬ್ರೂಗೆಮನ್ ಎಂಬವರು ಜರ್ಮನಿಯಿಂದ ಬಂದು ಮೂರು ವಾರವಾಗಿತ್ತು. ಅವರು ಅಪ್ಪನ ಹೆಸರನ್ನು ಇನ್ನೂ ಕೇಳಿರಲಿಲ್ಲ.

ಮುಂದಿನ ಸಂಗತಿ ನಡೆದದ್ದು ಅಪ್ಪನ ಮೇಜಿನ ಬಳಿ. ಅಪ್ಪ ಅದನ್ನು ನಮಗೆ ಹದಿನಾಲ್ಕು ಸಲ ಹೇಳಿದ್ದಾರೆ. ಹದಿನಾಲ್ಕು ಸಲವೂ ಒಂದೇ ರೀತಿ ಹೇಳಿದ್ದರಿಂದ ನಿಜವೇ ಇರಬೇಕು.

ಗೋದಾಮು ಕೇಳುವುದು ಹೇಗೆಂದು ಅಪ್ಪ ಒಂದು ವಾರ ಉಗುರು ಕಚ್ಚುತ್ತಿದ್ದಾಗ, ಸಾಹೇಬರೇ ಸ್ಟೋರ್ ನೋಡಲು ಬಂದರು. ಪಂಪುಗಳನ್ನು ನೋಡುತ್ತ ನೋಡುತ್ತ ಅಪ್ಪನ ಮೇಜಿನ ಮೇಲಿದ್ದ ಫೋಟೋದ ಮುಂದೆ ನಿಂತುಬಿಟ್ಟರು. ಇಪ್ಪತ್ತೊಂದನೆಯ ವಯಸ್ಸಿನ ಅಪ್ಪ, ಅಡಿಯಿಂದ ಮುಡಿಯವರೆಗೆ ಹಳದಿ, ಅದರ ಮೇಲೆ ಕಪ್ಪು ಪಟ್ಟೆ, ಬಾಯಿ ಅಗಲ.

"ಇದು ನೀನಾ?"

"ಎಸ್ ಸರ್."

"ಇಡೀ ಮೈಗೆ?"

"ಎಸ್ ಸರ್. ಫುಲ್ ಬಾಡಿ. ಒಂದು ರಾತ್ರಿ ಬೇಕು ಸರ್ ಬಣ್ಣಕ್ಕೆ. ಕೂತ್ಕೊಳ್ಳುವ ಹಾಗಿಲ್ಲ. ನಿಂತೇ ಇರುವುದು."

"ನಿಂತೇ! ನಾನೂ ನಿಂತೇ! ಎಷ್ಟು ವರ್ಷದಿಂದ?"

"ನಮ್ಮ ಅಜ್ಜನ ಕಾಲದಿಂದ ಸರ್. ಮೂರು ತಲೆಮಾರು."

ಬ್ರೂಗೆಮನ್ ಸಾಹೇಬರು ಪಂಪಿನ ಡಬ್ಬದ ಮೇಲೆ ಕುಳಿತುಬಿಟ್ಟರು. ಜೇಬಿನಿಂದ ಫೋನು ತೆಗೆದರು. ಫೋನಿನ ಕವಚ ಹಳದಿ, ಕಪ್ಪು. ಕೈಚೀಲದಿಂದ ಕಾಫಿಯ ಲೋಟ ತೆಗೆದರು. ಅದೂ ಹಳದಿ, ಕಪ್ಪು. ಕೊನೆಗೆ ಪ್ಯಾಂಟನ್ನು ಒಂದಿಷ್ಟು ಮೇಲೆತ್ತಿ ಕಾಲುಚೀಲ ತೋರಿಸಿದರು.

"ನಿಮ್ಮಂಥವರು ಭಾರತದಲ್ಲಿ ಇನ್ನೂ ಇದ್ದಾರೆಯೇ?"

"ಉಡುಪಿ ಒಂದರಲ್ಲೇ ಸಾವಿರ ಸರ್. ಅವತ್ತು ಬಸ್ಸೇ ಹೋಗುವುದಿಲ್ಲ. ಇಲ್ಲಿ ನಾವು ಒಂಬತ್ತು ಜನ ಇದ್ದೇವೆ. ಡೋಲು, ತಾಸೆ ಎಲ್ಲ ಉಂಟು. ಜಾಗ ಒಂದು ಇಲ್ಲ ಸರ್. ಆಗಸ್ಟಿನಲ್ಲಿ ಒಂದು ದಿನ ಈ ಗೋದಾಮು..."

"ಆಗಸ್ಟಿನಲ್ಲಿ! ಅಂದರೆ ಸೂಪರ್‌ಕಪ್ಪಿಗೆ!"

"ಎಸ್ ಸರ್" ಎಂದರು ಅಪ್ಪ, ಸೂತ್ರದ ಪ್ರಕಾರ.

"ಆ ಶನಿವಾರ ಗೋದಾಮು ನಿಮ್ಮದು. ದೊಡ್ಡ ಪರದೆ ನಾನು ತರುತ್ತೇನೆ." ಸಾಹೇಬರು ಕಣ್ಣು ಒರೆಸಿಕೊಂಡು, ಬಾಗಿಲ ಬಳಿ ತಿರುಗಿ ನಿಂತು ಕೇಳಿದರು, "ನಿನ್ನ ಹೆಸರೇನು?"

ಸಂಜೆ ಅಪ್ಪ ಮನೆಗೆ ಬಂದದ್ದು ನಡೆದುಕೊಂಡಲ್ಲ, ತೇಲಿಕೊಂಡು.

"ಜರ್ಮನಿಯಲ್ಲೂ ಹುಲಿವೇಷ ಉಂಟು ಮಾರಾಯ್ತಿ! ಸಾಹೇಬ್ರು ನಮ್ಮದೇ ಜನ!"

ಅಮ್ಮ ಬಂಗುಡೆಗೆ ಮಸಾಲೆ ಹಚ್ಚುತ್ತಿದ್ದರು. ಅವರ ಹೆಸರು ಆಶಾಲತಾ. ಮನೆಯಲ್ಲಿ ಅನುಮಾನದ ಖಾತೆ ಅವರದು. "ಜರ್ಮನಿಯಲ್ಲಿ ಅಷ್ಟಮಿ ಎಲ್ಲಿಂದ ಬಂತು?"

"ಕೃಷ್ಣ ಎಲ್ಲಿ ಇಲ್ಲ ಹೇಳು?" ಎಂದರು ಅಜ್ಜಿ. ಅಮ್ಮ ಇನ್ನೊಂದು ಬಂಗುಡೆ ಎತ್ತಿಕೊಂಡರು.

ಬಳಗದ ವಾಟ್ಸಾಪಿನಲ್ಲಿ ಅಷ್ಟಮಿ ಆ ಶನಿವಾರಕ್ಕೆ ಬಂದು ನಿಂತಿತು. ಪಂಚಾಂಗದ ಅಷ್ಟಮಿಗೆ ಇನ್ನೂ ದಿನವಿತ್ತು, ಆದರೆ ಪಂಚಾಂಗದವರಿಗೆ ಹಾಲ್ ಸಿಕ್ಕಿರಲಿಲ್ಲವಲ್ಲ.

ಬುಧವಾರ ಸಾಹೇಬರು ಅಪ್ಪನಿಗೆ ಉಣ್ಣೆಯ ಶಾಲೊಂದನ್ನು ಉಡುಗೊರೆ ಕೊಟ್ಟರು. ಹಳದಿ, ಕಪ್ಪು. ಸನದಿನ ಆ ಸೆಖೆಯಲ್ಲಿ ಉಣ್ಣೆಯ ಶಾಲು ಸುತ್ತಿಕೊಂಡು ಅಪ್ಪ ನಮ್ಮ ಕಟ್ಟಡದ ಲಿಫ್ಟ್ ಹತ್ತಿದರು. ನಾನು ಜೊತೆಗಿದ್ದೆ. ಎರಡನೆಯ ಮಹಡಿಯಲ್ಲಿ ಕಜೆಟನ್ ಅಂಕಲ್ ಹತ್ತಿದರು.

ಕಜೆಟನ್ ಅಂಕಲ್ ಮೇಲಿನ ಫ್ಲ್ಯಾಟಿನವರು, ಶಿರ್ವದವರು, ಹೋಟೆಲೊಂದರಲ್ಲಿ ಬಾಂಕ್ವೆಟ್ ಮ್ಯಾನೇಜರ್. ಕ್ರಿಸ್ಮಸ್ಸಿಗೆ ನಮಗೆ ಕುಸ್ವಾರ್ ತಿಂಡಿ ಕೊಡುವವರು. ವರ್ಷದಲ್ಲಿ ಮುನ್ನೂರು ದಿನ ಕೆಂಪು ಜೆರ್ಸಿ ಹಾಕುವವರು. ಆ ಜೆರ್ಸಿ ಏನೆಂದು ಅಪ್ಪ ಹನ್ನೆರಡು ವರ್ಷದಿಂದ ಕೇಳಿರಲಿಲ್ಲ. ಹೋಟೆಲಿನ ಯೂನಿಫಾರ್ಮ್ ಎಂದುಕೊಂಡಿದ್ದರು.

ಅಂಕಲ್ ಶಾಲು ನೋಡಿದರು. ಅವರ ಮುಖವೂ ಜೆರ್ಸಿಯ ಬಣ್ಣಕ್ಕೆ ತಿರುಗಿತು.

"ಜಯರಾಜಣ್ಣ, ಕುತ್ತಿಗೆಯಲ್ಲಿ ಅದು ಎಂತ?"

"ಹುಲಿಯ ಶಾಲು. ಜರ್ಮನಿಯ ಹುಲಿ."

ಕಜೆಟನ್ ಅಂಕಲ್ ಲಿಫ್ಟಿನ ಕೆಂಪು ಗುಂಡಿ ಒತ್ತಿದರು. ಮೂರು ಮತ್ತು ನಾಲ್ಕನೆಯ ಮಹಡಿಗಳ ನಡುವೆ ಲಿಫ್ಟ್ ನಿಂತಿತು. "ದೆವಾ! ಅದು ಹುಲಿ ಅಲ್ಲ ಮಾರಾಯ್ರೆ! ಅದು ಡಾರ್ಟ್ಮುಂಡ್! ಫುಟ್ಬಾಲ್! ಶನಿವಾರ ಒಂಬತ್ತೂವರೆಗೆ ಸೂಪರ್‌ಕಪ್ ಉಂಟು, ಜರ್ಮನಿಯಲ್ಲಿ ಸೀಸನ್ ಶುರುವಾಗುವ ಪಂದ್ಯ. ಒಂದು ಕಡೆ ನಮ್ಮ ಬಯರ್ನ್ ಮ್ಯೂನಿಕ್." ಇಲ್ಲಿ ಅವರು ಎದೆ ಮುಟ್ಟಿಕೊಂಡರು. "ಇನ್ನೊಂದು ಕಡೆ ಈ... ಈ ಕಣಜದ ಹುಳಗಳು! ನಿಮ್ಮ ಸಾಹೇಬ ಆ ಹುಳಗಳ ಪಾರ್ಟಿ!"

ಅಪ್ಪ ಲಿಫ್ಟಿನ ಗೋಡೆಗೆ ಒರಗಿದರು. ಸ್ಟೋರಿನಲ್ಲಿ ನಡೆದ ಒಂದೊಂದೇ ಮಾತು ಅವರ ಮುಖದ ಮೇಲೆ ಹಾದುಹೋಗುವುದು ಕಾಣುತ್ತಿತ್ತು. ಮೂರು ತಲೆಮಾರು. ಉಡುಪಿಯಲ್ಲಿ ಸಾವಿರ.

"ಹಾಗಾದ್ರೆ ಪರದೆ ತರ್ತೇನೆ ಅಂದದ್ದು?"

"ಮ್ಯಾಚ್ ನೋಡ್ಲಿಕ್ಕೆ! ನೀವು ಬಹರೈನಿನ ಡಾರ್ಟ್ಮುಂಡ್ ಅಭಿಮಾನಿ ಸಂಘದ ಅಧ್ಯಕ್ಷ ಅಂತ ಅವ ತಿಳ್ಕೊಂಡಿದ್ದಾನೆ!"

ಆ ದುಃಖದಲ್ಲೂ "ಅಧ್ಯಕ್ಷ" ಎಂಬ ಮಾತಿಗೆ ಅಪ್ಪನ ಬೆನ್ನು ಒಂದು ಕ್ಷಣ ನೆಟ್ಟಗಾಯಿತು. ಬಳಗದಲ್ಲಿ ಅವರು ಹನ್ನೊಂದು ವರ್ಷದಿಂದ ಉಪಾಧ್ಯಕ್ಷರು.

ರಾತ್ರಿ ಊಟದ ಮೇಜಿನ ಸುತ್ತ ತುರ್ತು ಸಭೆ. ರೂಪೇಶ್ ಬಂದರು. ಕಜೆಟನ್ ಅಂಕಲ್ ಮತ್ತು ಅವರ ಹೆಂಡತಿ ಕ್ಲೊಟಿಲ್ಡಾ ಆಂಟಿ ಬಂದರು.

"ನಾಳೆಯೇ ಹೋಗಿ ನಿಜ ಹೇಳಿಬಿಡಿ" ಎಂದರು ಅಮ್ಮ.

"ಹೇಳಿದ್ರೆ ಗೋದಾಮು ಹೋಯ್ತು" ಎಂದರು ರೂಪೇಶ್. "ಮುನ್ನೂರು ಜನಕ್ಕೆ ಮೆಸೇಜ್ ಹೋಗಿ ಆಗಿದೆ. ಹಮದ್ ಟೌನಿನಿಂದ ವೇಷಕ್ಕೆ ಬಣ್ಣ ಹಾಕುವ ವಿಖ್ಯಾತ್ ಡಬ್ಬ ತೆಗೆದುಕೊಂಡು ಬರ್ತಾನೆ. ನಿಮಗೆ ನಿಜ ಹೇಳುವ ಚಟ ಇದ್ದರೆ ಭಾನುವಾರ ಹೇಳಿ."

ಎಲ್ಲರೂ ಅಜ್ಜಿಯನ್ನು ನೋಡಿದರು. ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚಿ, ನನಗೆ ಚಿಕ್ಕಂದಿನಲ್ಲಿ ನೂರು ಸಲ ಹೇಳಿದ್ದ ಕಥೆಯನ್ನೇ ತೆಗೆದರು.

"ಒಂದು ಊರಲ್ಲಿ ಒಂದು ಬೆಕ್ಕು ಇತ್ತಂತೆ. ಕಾಡಿನಲ್ಲಿ ಹುಲಿಯ ಮದುವೆ, ದೊಡ್ಡ ಊಟ ಅಂತ ಸುದ್ದಿ ಬಂತು. ಬೆಕ್ಕನ್ನು ಮದುವೆಗೆ ಯಾರು ಕರೀತಾರೆ? ಅದು ಒಲೆಯ ಮಸಿ ತೆಗೆದು ಮೈಮೇಲೆ ಪಟ್ಟೆ ಎಳ್ಕೊಂಡು, 'ನಾನು ಮದುಮಗನ ಸೋದರಮಾವ' ಅಂತ ಹೋಯ್ತು. ಮೊದಲ ಪಂಕ್ತಿಯಲ್ಲೇ ಕೂತಿತು. ಊಟ ಆದದ್ದೇ ಹುಲಿಗಳೆಲ್ಲ, 'ಮಾವಾ, ಮದುಮಕ್ಕಳಿಗೆ ಒಂದು ಗರ್ಜನೆ ಕೊಡಿ' ಅಂದವು. ಬೆಕ್ಕು ಎಂತ ಮಾಡ್ಬೇಕು? 'ಮಿಯಾಂವ್' ಅಂದಿತು."

"ಆಮೇಲೆ?" ಎಂದರು ರೂಪೇಶ್, ಉಸಿರು ಬಿಗಿಹಿಡಿದು.

ಆಮೇಲೆ ಏನಾಯಿತೆಂದು ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಅಜ್ಜಿ ಪ್ರತಿಸಲವೂ ಇಲ್ಲಿಗೆ ಬಂದಾಗ ನಿದ್ದೆ ಹೋಗುತ್ತಿದ್ದರು. ಈ ಸಲ ನಿದ್ದೆ ಹೋಗಲಿಲ್ಲ, ಆದರೆ ಕಥೆಯನ್ನೂ ಮುಂದುವರಿಸಲಿಲ್ಲ. "ಅದು ಮಿಯಾಂವ್ ಅಂದದ್ದು ಊಟ ಆದ ಮೇಲೆ. ನೀನೂ ಹಾಗೇ ಮಾಡು ಮಗಾ. ಹರಕೆಯ ಕುಣಿತ ಮೊದಲು ಮುಗಿಸು. ಮುಗಿದದ್ದೇ ತಡ, ಸಾಹೇಬ್ರ ಎದುರು ನಿಂತು ಹೇಳು. ದೇವರಿಗೂ ಮೋಸ ಆಗ್ಬಾರ್ದು, ಅನ್ನ ಕೊಡುವವರಿಗೂ ಆಗ್ಬಾರ್ದು."

ತೀರ್ಪು ಹೊರಬಿತ್ತು. ಅಲ್ಲಿಯವರೆಗೆ ಒಂಬತ್ತು ಹುಲಿಗಳೂ ಡಾರ್ಟ್ಮುಂಡಿನವರಾಗಿ ನಟಿಸಬೇಕು. ಕಲಿಸುವವರು ಯಾರು? ನಮ್ಮ ಬಳಗದವರಿಗೆ ಗೊತ್ತಿದ್ದದ್ದು ಕ್ರಿಕೆಟ್ಟೊಂದೇ. ಎಲ್ಲ ಕಣ್ಣುಗಳೂ ಕೆಂಪು ಜೆರ್ಸಿಯ ಮೇಲೆ ನೆಟ್ಟವು.

"ನಾನಾ? ಡಾರ್ಟ್ಮುಂಡಿಗೆ?" ಕಜೆಟನ್ ಅಂಕಲ್ ಹೆಂಡತಿಯ ಕಡೆ ತಿರುಗಿದರು. "ಕ್ಲೊಟಿಲ್ಡಾ, ಇದನ್ನು ಪಾಪನಿವೇದನೆಯಲ್ಲಿ ಹೇಳ್ಬೇಕಾಗ್ತದಾ?"

"ಹೇಳ್ಬೇಕಾಗ್ತದೆ" ಎಂದರು ಆಂಟಿ. ಅವರು ಆಸ್ಪತ್ರೆಯಲ್ಲಿ ನರ್ಸು. ಕೆಟ್ಟ ಸುದ್ದಿಯನ್ನು ಮುಚ್ಚಿಡುವವರಲ್ಲ. "ಆದ್ರೆ ಅಜ್ಜಿಯ ಮುಖ ನೋಡಿ. ಒಂದು ಸಲ ಮಾಡಿ."

ಶುಕ್ರವಾರ ತರಬೇತಿ ನಡೆಯಿತು. ರೂಪೇಶ್ ಕೇಳಿದ ಮೊದಲ ಪ್ರಶ್ನೆ: "ಇದರಲ್ಲಿ ಓವರ್ ಎಷ್ಟು?" ಕಜೆಟನ್ ಅಂಕಲ್ ಎರಡು ಗಂಟೆ ಬೋರ್ಡಿನ ಮೇಲೆ ಬರೆದರು, ಅಳಿಸಿದರು, ಒಮ್ಮೆ ಹೊರಗೆ ಹೋಗಿ ನೀರು ಕುಡಿದು ಬಂದರು. ಕೊನೆಗೆ ಎಲ್ಲವನ್ನೂ ಒಂದೇ ನಿಯಮಕ್ಕೆ ಇಳಿಸಿದರು.

"ಕೇಳಿ. ನೀವು ಪರದೆ ನೋಡುವುದೇ ಬೇಡ. ನಾನು ಮುಖ ಒರೆಸುವ ಈ ಬೈರಾಸು ಹಿಡ್ಕೊಂಡು ನಿಲ್ತೇನೆ. ಹಳದಿಯವರು ಗೋಲ್ ಹೊಡೆದ ಕೂಡಲೇ ಬೀಸ್ತೇನೆ. ಬೀಸಿದ್ರೆ ತಾಸೆ ಬಾರಿಸಿ, ಕುಣೀರಿ. ಬೀಸದಿದ್ರೆ ಸುಮ್ಮನೆ ಕೂತ್ಕೊಳ್ಳಿ. ಅಷ್ಟೇ."

ಇಷ್ಟು ಸರಳವಾದ ಯೋಜನೆ ಕೆಡಬೇಕಾದರೆ ಮನುಷ್ಯಪ್ರಯತ್ನ ಸಾಲದು.

ಶನಿವಾರ ನಸುಕಿಗೇ ಬಣ್ಣ ಶುರುವಾಯಿತು. ವಿಖ್ಯಾತ್ ತಂದದ್ದು ಊರಿನಲ್ಲಿ ಬಳಸುವ ಅದೇ ಎಣ್ಣೆ ಪೇಂಟು, ಬಾಗಿಲು ಕಿಟಕಿಗೆ ಬಳಿಯುವಂಥದ್ದು. ಸಂಜೆಯ ಹೊತ್ತಿಗೆ ಪಂಪುಗಳ ನಡುವೆ ಒಂಬತ್ತು ಹುಲಿಗಳು ಕೈಕಾಲು ಅಗಲಿಸಿ ಫ್ಯಾನಿನ ಮುಂದೆ ನಿಂತು ಒಣಗುತ್ತಿದ್ದವು. ಅಜ್ಜಿ ಕೆಂಡಕ್ಕೆ ಊದಿನ ಧೂಪ ಹಾಕಿ ಹುಲಿಯ ತಲೆಗಳಿಗೆ ಹೊಗೆ ತೋರಿಸಿದರು. ಆ ಪರಿಮಳಕ್ಕೆ ಪಕ್ಕದ ಗ್ಯಾರೇಜಿನ ಬಹರೈನಿ ಯಜಮಾನರು, ತಮ್ಮವರ ಮದುವೆಯಲ್ಲೂ ಇದೇ ಹೊಗೆಯಾದ್ದರಿಂದ ಇಲ್ಲಿ ಯಾರದೋ ಮದುವೆಯಿರಬೇಕೆಂದು ಒಳಗೆ ಬಂದು, ಹುಲಿಗಳನ್ನು ಕಂಡು, "ಮಾಶಾ ಅಲ್ಲಾ" ಎಂದು, ಕುರ್ಚಿ ಎಳೆದುಕೊಂಡು ಮುಂದಿನ ಸಾಲಿನಲ್ಲೇ ಕುಳಿತರು.

ಅಪ್ಪ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದರು. ಇಪ್ಪತ್ತೊಂದರ ಹುಲಿಗೆ ಹೊಟ್ಟೆಯ ಮೇಲೆ ಆರು ಪಟ್ಟೆ ಸಾಕಾಗಿತ್ತು. ಐವತ್ತೆರಡರ ಹುಲಿಗೆ ಒಂಬತ್ತು ಬೇಕಾಯಿತು.

ಒಂಬತ್ತು ಗಂಟೆಗೆ ಬ್ರೂಗೆಮನ್ ಸಾಹೇಬರು ಬಂದರು. ಬಾಗಿಲಲ್ಲೇ ನಿಂತುಬಿಟ್ಟರು. ಅವರು ಡಾರ್ಟ್ಮುಂಡಿನ ಕ್ರೀಡಾಂಗಣದಲ್ಲಿ, ಇಪ್ಪತ್ತು ಸಾವಿರಕ್ಕೂ ಮಿಕ್ಕಿ ಜನ ನಿಂತು ಕೂಗುವ ಕಟ್ಟೆಯಲ್ಲಿ ನಿಂತು ಬೆಳೆದವರಂತೆ. ಅಲ್ಲಿಯೂ ಯಾರಿಗೂ ಬಾಲ ಇರಲಿಲ್ಲ.

"ಬಾಲ ಕೂಡ!" ಎಂದರು ಸಾಹೇಬರು.

ಅಜ್ಜಿ ಅವರನ್ನು ಕರೆದು ತಮ್ಮ ಪಕ್ಕ ಕೂರಿಸಿಕೊಂಡು, ಒಂದು ಉಂಡೆ ಕೈಗಿಟ್ಟು, "ತಿನ್ನಿ, ಎಂತ ಬಡಕಲಾಗಿದ್ದೀರಿ" ಎಂದು ತುಳುವಿನಲ್ಲಿ ಹೇಳಿದರು. ನೂರಹತ್ತು ಕಿಲೋದ ಸಾಹೇಬರು ಜರ್ಮನ್‌ನಲ್ಲಿ ಧನ್ಯವಾದ ಹೇಳಿದರು. ಇಬ್ಬರಿಗೂ ಎಲ್ಲವೂ ಅರ್ಥವಾದಂತಿತ್ತು.

ಪಂದ್ಯ ಶುರುವಾಯಿತು. ಕಜೆಟನ್ ಅಂಕಲ್ ಪರದೆಯ ಪಕ್ಕ, ಜೀವನದಲ್ಲಿ ಮೊದಲ ಬಾರಿಗೆ ಬಯರ್ನ್ ಪಂದ್ಯಕ್ಕೆ ಬಿಳಿ ಅಂಗಿ ಹಾಕಿ, ಕೈಯಲ್ಲಿ ಬೈರಾಸು ಹಿಡಿದು, ಗಂಡನ ಮನೆಗೆ ಹೊರಟ ಮದುಮಗಳ ಮುಖ ಹೊತ್ತು ನಿಂತಿದ್ದರು. ತಾಸೆಯವರು ಕೋಲೆತ್ತಿ ಬೈರಾಸನ್ನೇ ನೋಡುತ್ತಿದ್ದರು. ಹುಲಿಗಳು ತಾಸೆಯವರನ್ನು ನೋಡುತ್ತಿದ್ದವು. ಪಂದ್ಯವನ್ನು ನೋಡುತ್ತಿದ್ದವರು ಇಡೀ ಗೋದಾಮಿನಲ್ಲಿ ಇಬ್ಬರೇ.

ಇಪ್ಪತ್ತನೆಯ ನಿಮಿಷವಿರಬೇಕು. ಪರದೆಯಲ್ಲಿ ಕೆಂಪು ಅಂಗಿಯೊಂದು ಮೂರು ಹಳದಿ ಅಂಗಿಗಳ ನಡುವೆ ನುಸುಳಿತು. ಚೆಂಡು ಬಲೆಯೊಳಗೆ.

ಇಪ್ಪತ್ತೈದು ವರ್ಷದ ಅಭ್ಯಾಸವನ್ನು ಎರಡು ದಿನದ ವ್ರತ ಗೆಲ್ಲಬಲ್ಲುದೇ? ಕಜೆಟನ್ ಅಂಕಲ್ ಎರಡಡಿ ಮೇಲಕ್ಕೆ ಹಾರಿದರು. "ಗೋಓಓಲ್!" ಕೈಯಲ್ಲಿದ್ದ ಬೈರಾಸು ಫ್ಯಾನಿನ ರೆಕ್ಕೆಯ ಹಾಗೆ ತಿರುಗಿತು.

ತಾಸೆ ಬಿತ್ತು.

ತಾಸೆಯ ಏಟಿಗೆ ಒಂದು ಕಟ್ಟಳೆಯುಂಟು. ಅದು ಒಮ್ಮೆ ಬಿದ್ದರೆ ಹುಲಿ ಸುತ್ತು ಮುಗಿಸದೆ ನಿಲ್ಲಬಾರದು. ಹುಲಿ ನಿಲ್ಲದೆ ತಾಸೆ ನಿಲ್ಲಬಾರದು. ಹರಕೆಯ ಹುಲಿಯಾದರೆ ಕೇಳುವುದೇ ಬೇಡ. ಒಂಬತ್ತು ಹುಲಿಗಳು ಎದ್ದವು. ಎದುರಾಳಿಯ ಗೋಲಿಗೆ ಡಾರ್ಟ್ಮುಂಡ್ ಅಭಿಮಾನಿ ಸಂಘದ ಬಹರೈನ್ ಶಾಖೆ ಕೇಕೆ ಹಾಕಿ ಕುಣಿಯತೊಡಗಿತು.

ಬ್ರೂಗೆಮನ್ ಸಾಹೇಬರು ಉಂಡೆಯನ್ನು ಬಾಯಿಯ ಹತ್ತಿರ ಹಿಡಿದುಕೊಂಡೇ ಕಲ್ಲಾದರು.

"ಅಲ್ಲ! ಇದು ಅಲ್ಲ! ನಿಲ್ಲಿಸಿ!" ಕಜೆಟನ್ ಅಂಕಲ್ ಕೈಬೀಸಿ ಕೂಗಿದರು. ಕೈಯಲ್ಲಿ ಬೈರಾಸು ಇನ್ನೂ ಇತ್ತು. ತಾಸೆ ಇನ್ನೂ ಜೋರಾಯಿತು.

ಅಪ್ಪನಿಗೆ ತಪ್ಪು ಗೊತ್ತಾಗಿತ್ತು. ಹುಲಿಯ ತಲೆಯ ಕೆಳಗೆ ಅವರ ಕಣ್ಣು ಒಮ್ಮೆ ಸಾಹೇಬರ ಕಡೆ, ಒಮ್ಮೆ ಅಜ್ಜಿಯ ಕಡೆ ಹೊರಳುತ್ತಿತ್ತು. ಸಾಹೇಬರ ಮುಖ ಬಿಳಿಚಿತ್ತು. ಅಜ್ಜಿಯ ಮುಖ ಬೆಳಗುತ್ತಿತ್ತು. ಮೂವತ್ತೊಂದು ವರ್ಷ ಕಾದ ಮುದುಕಿ ಎರಡೂ ಕೈ ಜೋಡಿಸಿ, ತುಟಿ ಅಲುಗಿಸುತ್ತ ಕುಳಿತಿದ್ದರು. ಅಪ್ಪ ಸಾಹೇಬರ ಕಡೆ ನೋಡುವುದನ್ನು ಬಿಟ್ಟುಬಿಟ್ಟರು.

ಕೊನೆಯ ಕಸರತ್ತು ಅಕ್ಕಿಮುಡಿ, ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಮೂಟೆ. ಊರಿನಲ್ಲಾದರೆ ಹುಲಿ ಮುಡಿಯ ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ, ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಎಸೆಯಬೇಕು. ಇಲ್ಲಿ ಮುಡಿ ಎಲ್ಲಿ? ಹತ್ತು ಕಿಲೋದ ಬಾಸುಮತಿ ಚೀಲಕ್ಕೆ ಹಗ್ಗ ಕಟ್ಟಿದ್ದರು. ಅದರಿಂದಲೂ ಅಮ್ಮ ಯಾರಿಗೂ ಹೇಳದೆ ಅರ್ಧ ತೆಗೆದು ಸಡಿಲವಾಗಿ ಹೊಲಿದಿದ್ದರು. ಅಪ್ಪ ಬಗ್ಗಿದರು. ಕಚ್ಚಿದರು. ಸೊಂಟದಿಂದ ಬಂದ ಲಟಕ್ ಸದ್ದು ತಾಸೆಯ ನಡುವೆಯೂ ನಮಗೆಲ್ಲ ಕೇಳಿಸಿತು. ಹತ್ತು ಕಿಲೋ ಎಂದುಕೊಂಡು ಹಾಕಿದ ಬಲ, ಐದು ಕಿಲೋದ ಚೀಲ. ಅದು ಹಿಂದಕ್ಕೆ ಬೀಳಲಿಲ್ಲ. ಮೇಲಕ್ಕೆ ಹಾರಿ, ಏಸಿಯ ಕೊಳವೆಗೆ ಬಡಿದು, ಪರದೆಯ ಮುಂದೆ ಬಾಯಿ ಬಿಟ್ಟಿತು.

ಗೋದಾಮಿನ ತುಂಬ ಅಕ್ಕಿಯ ಮಳೆ. ಆ ಮಳೆಯ ಹಿಂದೆ, ಪರದೆಯಲ್ಲಿ, ಹಳದಿ ಅಂಗಿಯವನೊಬ್ಬ ತಲೆಯಿಂದ ಚೆಂಡನ್ನು ಬಲೆಗೆ ನುಗ್ಗಿಸಿದ.

ಸಮ ಸಮ.

ಬ್ರೂಗೆಮನ್ ಸಾಹೇಬರು ಜೀವನದಲ್ಲಿ ಎಷ್ಟೋ ಗೋಲು ನೋಡಿದ್ದರು. ಗೋಲಿಗೆ ಆಕಾಶದಿಂದ ಅಕ್ಷತೆ ಬಿದ್ದದ್ದನ್ನು ನೋಡಿರಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿದರು: "ನಿಲ್ಲಿಸಬೇಡಿ! ಯಾರೂ ನಿಲ್ಲಿಸಬೇಡಿ!"

ಮಧ್ಯಂತರದಲ್ಲಿ ಸಾಹೇಬರು ಅಪ್ಪನನ್ನು ಅಪ್ಪಿಕೊಂಡರು. "ಗೋಲು ತಿಂದ ಮೇಲೂ ಕುಣಿಯುವ ಅಭಿಮಾನಿಗಳು! ಸೋಲು ಎದುರಿಗಿದ್ದಾಗ ನಗುವವರು! ನಮ್ಮ ಕಟ್ಟೆಯಲ್ಲೂ ಇಂಥವರಿಲ್ಲ. ನಿಮ್ಮ ಬಗ್ಗೆ ನಾನು ಕ್ಲಬ್ಬಿಗೇ ಪತ್ರ ಬರೆಯುತ್ತೇನೆ."

ಅಪ್ಪ ಹುಲಿಯ ತಲೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಜ್ಜಿ ಸುಮ್ಮನೆ ತಲೆಯಾಡಿಸಿದರು. ಊಟ ಆಗಿತ್ತು.

"ನೋ ಸರ್" ಎಂದರು ಅಪ್ಪ.

ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ಶಬ್ದಗಳು ಆ ಬಾಯಿಯಿಂದ ಒಟ್ಟಿಗೆ ಬಂದದ್ದು ಅದೇ ಮೊದಲು. ಅಮ್ಮ ನನ್ನ ಕೈ ಹಿಡಿದುಕೊಂಡರು.

"ನಾವು ಡಾರ್ಟ್ಮುಂಡ್ ಅಲ್ಲ ಸರ್. ಫುಟ್ಬಾಲ್ ನಮಗೆ ಗೊತ್ತೇ ಇಲ್ಲ. ಇದು ಹುಲಿ. ನಮ್ಮಮ್ಮನ ಹರಕೆ ಸರ್. ಮೂವತ್ತೊಂದು ವರ್ಷ ಬಾಕಿ ಇತ್ತು. ಗೋದಾಮು ಬೇಕಿತ್ತು. ಮೊದಲು ನನಗೂ ಗೊತ್ತಾಗಲಿಲ್ಲ, ಗೊತ್ತಾದ ಮೇಲೆ ಹೇಳಲಿಲ್ಲ. ಭಾನುವಾರ ಬಂದು ಸ್ಟೋರಿನ ಬೀಗದ ಕೈ ಕೊಟ್ಟು ಹೋಗ್ತೇನೆ ಸರ್."

ಬ್ರೂಗೆಮನ್ ಸಾಹೇಬರು ಅಪ್ಪನನ್ನು ನೋಡಿದರು. ಹುಲಿಯ ತಲೆಯನ್ನು ನೋಡಿದರು. ಕಜೆಟನ್ ಅಂಕಲ್ ಕಡೆ ತಿರುಗಿದರು.

"ಅವನು?"

"ಅವರು ಬಯರ್ನ್ ಸರ್" ಎಂದರು ಅಪ್ಪ. ನಿಜ ಹೇಳಲು ಶುರುಮಾಡಿದ ಮೇಲೆ ಅವರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ಕಜೆಟನ್ ಅಂಕಲ್ ಬೈರಾಸಿನಿಂದ ಮುಖ ಮುಚ್ಚಿಕೊಂಡರು.

"ಮೂವತ್ತೊಂದು ವರ್ಷ" ಎಂದರು ಸಾಹೇಬರು ನಿಧಾನವಾಗಿ, ಅಜ್ಜಿಯ ಕಡೆ ನೋಡಿ. "ಆಕೆ ಕಾದರಾ?"

"ಎಸ್ ಸರ್."

"ನಮ್ಮ ಡಾರ್ಟ್ಮುಂಡಿನವರಿಗೂ ಗೊತ್ತು, ಕಪ್ಪಿಗಾಗಿ ಕಾಯುವುದು." ಅವರು ಗಡಿಯಾರ ನೋಡಿದರು. "ಎರಡನೆಯ ಅರ್ಧ ಶುರುವಾಗಲು ಒಂಬತ್ತು ನಿಮಿಷ ಇದೆ. ನನಗೆ ಗೊತ್ತಾಗಬೇಕಾದದ್ದು ಒಂದೇ. ನೀವು ಕುಣಿದಾಗ ಗೋಲು ಬಂತು. ಅದು ಫುಟ್ಬಾಲೋ ಹುಲಿಯೋ ನನಗೆ ಬೇಡ. ಮತ್ತೆ ಕುಣಿಯುತ್ತೀರೋ ಇಲ್ಲವೋ?"

"ಎಸ್ ಸರ್!" ಎಂದರು ಒಂಬತ್ತು ಹುಲಿಗಳೂ.

"ಹಾಗಾದರೆ ನನಗೂ ಬಣ್ಣ ಹಚ್ಚಿ."

ವಿಖ್ಯಾತ್ ಕುಂಚ ಹಿಡಿದು ಬಂದ. ಒಂಬತ್ತು ನಿಮಿಷದಲ್ಲಿ ಮುಖ, ಕಿವಿ, ಕುತ್ತಿಗೆ ಮುಗಿಯಿತು. ಕ್ರೀಡಾಂಗಣದಲ್ಲಿ ಬಳಿಯುವ ಬಣ್ಣ ನೀರಿಗೆ ಹೋಗುತ್ತದಂತೆ. ಇದು ಕಿಟಕಿಯ ಪೇಂಟು ಎಂದು ಸಾಹೇಬರಿಗೆ ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಕಪ್ ಕೊನೆಗೆ ಯಾರಿಗೆ ಹೋಯಿತೆಂದು ನಾನು ಬರೆಯುವುದಿಲ್ಲ. ನಮ್ಮ ಕಟ್ಟಡದಲ್ಲಿ ಈಗ ಎರಡೂ ಪಕ್ಷದವರಿದ್ದಾರೆ, ಲಿಫ್ಟ್ ಒಂದೇ.

ಭಾನುವಾರ ಸಾಹೇಬರು ಸೋಪು ಹಚ್ಚಿದರು. ಸಂಜೆ ಅಪ್ಪ ಸೀಮೆಎಣ್ಣೆ, ತೆಂಗಿನೆಣ್ಣೆ ಒಯ್ದು ಕೊಟ್ಟರು. ಹಳದಿ ಅರ್ಧ ಹೋಯಿತು. ಕಪ್ಪು ಪಟ್ಟೆ ಒಂದೂ ಜಗ್ಗಲಿಲ್ಲ. ಸೋಮವಾರ ಬೆಳಿಗ್ಗೆ ಕೇಂದ್ರ ಕಚೇರಿಯೊಂದಿಗೆ ವೀಡಿಯೊ ಮೀಟಿಂಗ್. ಕೇಂದ್ರ ಕಚೇರಿ ಮ್ಯೂನಿಕ್‌ನಲ್ಲಿ.

ಸಾಹೇಬರು ಅಪ್ಪನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಜಯರಾಜ್, ಒಂದು ಮಾತು ಗೊತ್ತಿರಲಿ. ಈ ಕಂಪನಿಯಲ್ಲಿ ಆರು ವರ್ಷದಿಂದ ನನ್ನ ಪಕ್ಷ ಯಾವುದೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ."

ಪರದೆ ಬೆಳಗಿತು. ದೊಡ್ಡ ಡೈರೆಕ್ಟರು ಕಾಣಿಸಿಕೊಂಡರು. ಅವರ ಹಿಂದಿನ ಗೋಡೆಯಲ್ಲಿ ಕೆಂಪು ಬಾವುಟ. ಕೈಯಲ್ಲಿ ಕೆಂಪು ಲೋಟ. ಅವರು ಲೋಟವನ್ನು ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡರು.

"ಬ್ರೂಗೆಮನ್. ಮುಖದ ಮೇಲೆ ಏನದು? ಶನಿವಾರದ ಪಂದ್ಯದ್ದಲ್ಲ ತಾನೇ?"

"ಅಲ್ಲ ಸರ್. ಫುಟ್ಬಾಲಿಗೂ ಇದಕ್ಕೂ ಸಂಬಂಧವೇ ಇಲ್ಲ" ಎಂದರು ಸಾಹೇಬರು. "ಇದು ಹುಲಿ. ನಮ್ಮ ಸಿಬ್ಬಂದಿಯ ಹಬ್ಬ. ಹರಕೆ ಅಂತ ಒಂದು ಪದ್ಧತಿ."

"ನಿನಗೆಂಥ ಹರಕೆ?"

ಸಾಹೇಬರು ಅಪ್ಪನ ಕಡೆ ನೋಡಿದರು. ಇಪ್ಪತ್ತೆರಡು ವರ್ಷದ ಅನುಭವ ಅಪ್ಪನ ನೆರವಿಗೆ ಬಂತು.

"ಎಸ್ ಸರ್! ಮೂರು ವರ್ಷದ ಹರಕೆ ಸರ್. ಒಂದು ಆಗಿದೆ. ಇನ್ನು ಎರಡು ಆಗಸ್ಟ್ ಬಾಕಿ ಉಂಟು ಸರ್. ಅರ್ಧಕ್ಕೆ ಬಿಡುವ ಹಾಗಿಲ್ಲ. ಗೋದಾಮು ಬೇಕಾಗ್ತದೆ."

ಡೈರೆಕ್ಟರು ಗಂಭೀರವಾಗಿ ಬರೆದುಕೊಂಡರು. ಧಾರ್ಮಿಕ ವಿಷಯದಲ್ಲಿ ಕಂಪನಿ ಅಡ್ಡಿ ಬರುವುದಿಲ್ಲವೆಂದರು. ಹೀಗೆ ನಮ್ಮ ಬಳಗಕ್ಕೆ ಮುಂದಿನ ಎರಡು ಅಷ್ಟಮಿಗೂ, ಮ್ಯೂನಿಕ್‌ನಿಂದಲೇ, ಏಸಿ ಸಹಿತ ಅಪ್ಪಣೆಯಾಯಿತು.

ಸಂಜೆ ಅಪ್ಪ ಇದನ್ನೆಲ್ಲ ಹೊಟ್ಟೆಯ ಮೇಲೆ ಮಲಗಿ ಹೇಳಿದರು. ಕ್ಲೊಟಿಲ್ಡಾ ಆಂಟಿ ಅವರ ಸೊಂಟಕ್ಕೆ ಮುಲಾಮು ತಿಕ್ಕುತ್ತಿದ್ದರು. ಅಜ್ಜಿ ಮಂಚದ ಮೇಲೆ ಕಾಲು ಚಾಚಿ, ಪೆಟ್ಟಿಗೆಯಲ್ಲಿ ಹುಲಿಯ ತಲೆಯ ಜಾಗ ಖಾಲಿಯಾಗಿದೆಯಲ್ಲ, ಅಲ್ಲಿ ಎಷ್ಟು ಕಿಲೋ ಖರ್ಜೂರ ಹಿಡಿಯುತ್ತದೆಂದು ಲೆಕ್ಕ ಹಾಕುತ್ತಿದ್ದರು.

"ಅಜ್ಜೀ, ಆ ಬೆಕ್ಕು ಮಿಯಾಂವ್ ಅಂದ ಮೇಲೆ ಎಂತ ಆಯ್ತು? ಇವತ್ತಾದ್ರೂ ಹೇಳಿ" ಎಂದೆ.

"ಎಂತ ಆಗ್ಲಿಕ್ಕೆ ಅಶ್ಮಿತಾ?" ಅಜ್ಜಿ ಆಕಳಿಸಿ ಗೋಡೆಯ ಕಡೆ ಹೊರಳಿದರು. "ಮಂಟಪದಲ್ಲಿ ಕೂತಿದ್ದ ಮದುಮಗ ಹುಲಿಯೂ ಮಿಯಾಂವ್ ಅಂದಿತು."